ಟಿ ಕೋಶಗಳ ಮೇಲೆ ಅಡೆನೊಸಿನ್ ಪ್ರಯೋಗ: ನಾನು ಮಾಡುವ ಬಗೆ

ಅಡೆನೊಸಿನ್ ರೋಗನಿರೋಧಕ ಟಿ ಕೋಶಗಳನ್ನು, ಅವುಗಳ ಮೈಮೇಲಿನ ಗ್ರಾಹಕಗಳ ಮೂಲಕ, ನಿಗ್ರಹಿಸುವ ಅಣು. ಆದರೆ ವೆಲ್‌ಗೆ (ಪ್ಲೇಟಿನ ಪುಟ್ಟ ಗುಳಿಗೆ) ಹಾಕಿದ ಅಡೆನೊಸಿನ್ ಅಷ್ಟೂ ಕೋಶದ ಗ್ರಾಹಕಕ್ಕೆ ಸಿಗುವುದಿಲ್ಲ. ಅಡೆನೊಸಿನ್ ಕೊಟ್ಟರೂ ಟಿ ಕೋಶಗಳ ವಿಭಜನೆ ತಗ್ಗಲಿಲ್ಲ ಎಂದರೆ ನನ್ನ ಮೊದಲ ಅನುಮಾನ ಮಾಧ್ಯಮಕ್ಕೆ ಬೆರೆಸುವ ಸೀರಮ್ ಮೇಲೆ. ಕರುವಿನ ಸೀರಮ್‌ನಲ್ಲಿರುವ ಅಡೆನೊಸಿನ್ ಡಿಅಮಿನೇಸ್ ಕಿಣ್ವ ಅದನ್ನು ಇನೋಸಿನ್ ಎಂಬ ಬೇರೆ ಅಣುವಾಗಿ ಮಾಡಿಬಿಡುತ್ತದೆ. ಟಿ ಕೋಶಗಳ ಮೈಮೇಲೂ, ಸಿಡಿ26 ಎಂಬ ಪ್ರೋಟೀನಿಗೆ ಅಂಟಿಕೊಂಡು, ಇದೇ ಕಿಣ್ವ ಇರುತ್ತದೆ. ಸಾಲದೆಂದು ಪ್ರಮಾಣವನ್ನು ಮಿಲಿಮೋಲಾರ್‌ವರೆಗೆ ಏರಿಸಿದರೆ ಅಡೆನೊಸಿನ್ ಕೋಶದೊಳಗೆ ಹೋಗಿ ಗ್ರಾಹಕಕ್ಕೆ ಸಂಬಂಧವಿಲ್ಲದ ವಿಷವಾಗುತ್ತದೆ. ಕೋಶ ಸಾಯುವುದನ್ನು ನಿಗ್ರಹ ಎಂದು ಓದಿಬಿಡುವುದು ಇಲ್ಲಿಯೇ. ಆದ್ದರಿಂದ ಪ್ರತಿ ಟ್ಯೂಬಿಗೂ ಸತ್ತ ಕೋಶ ತೋರಿಸುವ ಬಣ್ಣ ಹಾಕುತ್ತೇನೆ.

ಹೀಗಾಗಿ ಮುಖ್ಯ ಪ್ರಯೋಗಕ್ಕೆ ಒಡೆಯದ ಅಗೋನಿಸ್ಟ್‌ಗಳೇ (ಗ್ರಾಹಕವನ್ನು ಚಾಲೂ ಮಾಡುವ ಅಣುಗಳೇ) ಲೇಸು. ನೆಕಾ 1 ಮೈಕ್ರೋಮೋಲಾರ್: ಎಲ್ಲ ಅಡೆನೊಸಿನ್ ಗ್ರಾಹಕಗಳನ್ನೂ ತಟ್ಟುತ್ತದೆ. ಸಿಜಿಎಸ್21680 100 ನ್ಯಾನೊಮೋಲಾರ್: ಹೆಚ್ಚಾಗಿ ಎ2ಎ ಗ್ರಾಹಕ ಮಾತ್ರ. ಪರಿಣಾಮ ಗ್ರಾಹಕದಿಂದಲೇ ಬಂದಿತೆಂದು ತೋರಿಸಲು ಎ2ಎ ಮುಚ್ಚುವ ಝಡ್‌ಎಂ241385 ಅನ್ನು 100 ನ್ಯಾನೊಮೋಲಾರ್‌ನಲ್ಲಿ ಅರ್ಧ ಗಂಟೆ ಮೊದಲೇ ಕೊಡುತ್ತೇನೆ. 1 ಮೈಕ್ರೋಮೋಲಾರ್‌ಗೆ ಏರಿಸಿದರೆ ಎ2ಬಿ ಗ್ರಾಹಕವನ್ನೂ ಮುಚ್ಚುತ್ತದೆ. ಇವನ್ನು ಕರಗಿಸುವ ದ್ರಾವಕ ಡಿಎಂಎಸ್‌ಒ ಎಲ್ಲ ವೆಲ್‌ಗಳಲ್ಲೂ ಒಂದೇ ಪ್ರಮಾಣ, 0.1 ಶೇಕಡಾ ದಾಟಬಾರದು.

ನಿಜವಾದ ಅಡೆನೊಸಿನ್ನೇ ಬೇಕಾದಾಗ ಡಿಅಮಿನೇಸ್ ತಡೆಯಲು ಇಎಚ್‌ಎನ್‌ಎ ಬಳಸುವುದು ರೂಢಿ. ಆದರೆ ಅದು ಸೈಕ್ಲಿಕ್ ಎಎಂಪಿಯನ್ನು (ಗ್ರಾಹಕದ ಸಂದೇಶವನ್ನು ಕೋಶದೊಳಗೆ ಒಯ್ಯುವ ಅಣುವನ್ನು) ಒಡೆಯುವ ಫಾಸ್ಫೋಡೈಎಸ್ಟರೇಸ್-2 ಕಿಣ್ವವನ್ನೂ ತಡೆಯುತ್ತದೆ, ಅಂದರೆ ಅಡೆನೊಸಿನ್ ಇಲ್ಲದೆಯೂ ಸೈಕ್ಲಿಕ್ ಎಎಂಪಿ ಏರಬಹುದು. ಇಎಚ್‌ಎನ್‌ಎ ಮಾತ್ರ ಹಾಕಿದ ವೆಲ್ ಇಲ್ಲದ ದತ್ತಾಂಶವನ್ನು ನಾನು ನಂಬುವುದಿಲ್ಲ. ಡಿಅಮಿನೇಸನ್ನೇ ತಡೆಯುವ ಪೆಂಟೋಸ್ಟಾಟಿನ್‌ಗೆ ಈ ತೊಂದರೆ ಇಲ್ಲ.

ಕೋಶಗಳನ್ನು ನೆಗೆಟಿವ್ ಸೆಲೆಕ್ಷನ್‌ನಿಂದಲೇ (ಬೇಡದ ಕೋಶಗಳನ್ನು ಹಿಡಿದು ತೆಗೆದು) ಬೇರ್ಪಡಿಸುತ್ತೇನೆ. ಬಿ ಕೋಶಗಳು ಉಳಿದುಕೊಂಡರೆ ಕಷ್ಟ: ಮನುಷ್ಯರ ಬಿ ಕೋಶಗಳಲ್ಲಿ ಸಿಡಿ39, ಸಿಡಿ73 ಎಂಬ ಕಿಣ್ವಗಳೆರಡೂ ಇವೆ, ಮಾಧ್ಯಮದ ಎಟಿಪಿಯಿಂದ ಅವೇ ಅಡೆನೊಸಿನ್ ತಯಾರಿಸುತ್ತವೆ.

ಟಿ ಕೋಶಗಳಿಗೆ ಕೊಡುವ ಪ್ರಚೋದನೆಯ ಬಲವೇ ಫಲಿತಾಂಶವನ್ನು ನಿರ್ಧರಿಸುತ್ತದೆ. ಎ2ಎಯಿಂದ ಸೈಕ್ಲಿಕ್ ಎಎಂಪಿ, ಅದರಿಂದ ಪ್ರೋಟೀನ್ ಕೈನೇಸ್ ಎ, ಅಲ್ಲಿಂದ ಸಿಎಸ್‌ಕೆ ಕಿಣ್ವದ ಮೂಲಕ, ಟಿ ಕೋಶವನ್ನು ಚಾಲೂ ಮಾಡುವ ಎಲ್‌ಸಿಕೆ ಕಿಣ್ವಕ್ಕೆ ಕಡಿವಾಣ. ಕೋಶವೊಂದಕ್ಕೆ ಒಂದು ಮಣಿಯಂತೆ ಟಿ ಕೋಶವನ್ನು ಪ್ರಚೋದಿಸುವ ಸಿಡಿ3/ಸಿಡಿ28 ಪ್ರತಿಕಾಯದ ಬೀಡ್‌ಗಳನ್ನು ಸುರಿದರೆ ಈ ಕಡಿವಾಣ ಕಾಣುವುದೇ ಇಲ್ಲ. ಸಿಡಿ3 ಪ್ರತಿಕಾಯವನ್ನು ಪ್ಲೇಟಿಗೆ 0.1ರಿಂದ 1 ಮೈಕ್ರೋಗ್ರಾಂ/ಮಿಲಿವರೆಗೆ ಹಂತಹಂತವಾಗಿ ಲೇಪಿಸಿ, ಅರ್ಧದಷ್ಟು ಕೋಶಗಳು ವಿಭಜಿಸುವ ಪ್ರಮಾಣವನ್ನು ಆರಿಸುತ್ತೇನೆ. ಪ್ರತಿ ದಾನಿಗೂ ಇದು ಬೇರೆ. ವೆಲ್‌ಗೆ 1 ಲಕ್ಷ ಕೋಶ. ಟಿ ಕೋಶ ಸ್ರವಿಸುವ ಇಂಟರ್‌ಫೆರಾನ್-ಗಾಮಾವನ್ನು 48 ಗಂಟೆಗೆ, ವಿಭಜನೆ ತೋರಿಸುವ ಸಿಎಫ್‌ಎಸ್‌ಇ ಬಣ್ಣವನ್ನು 72ರಿಂದ 96 ಗಂಟೆಗೆ ಅಳೆಯುತ್ತೇನೆ. ಅಂಚಿನ ವೆಲ್‌ಗಳು ಆವಿಯಾಗುವುದರಿಂದ ಅವಕ್ಕೆ ಬರೀ ಬಫರ್.

ಸೈಕ್ಲಿಕ್ ಎಎಂಪಿ ಅಳೆಯುವಾಗ ಅದು ಒಡೆಯದಂತೆ ಹಾಕುವ ಐಬಿಎಂಎಕ್ಸ್ ಬೇಡ. ಕೆಫೀನ್‌ನ ಸೋದರಸಂಬಂಧಿಯಾದ ಈ ಕ್ಸಾಂಥಿನ್ ಅಡೆನೊಸಿನ್ ಗ್ರಾಹಕಗಳನ್ನೇ ಮುಚ್ಚುತ್ತದೆ. ಬದಲಿಗೆ ಫಾಸ್ಫೋಡೈಎಸ್ಟರೇಸ್ ತಡೆಯುವ ರೋಲಿಪ್ರಾಮ್ 10 ಮೈಕ್ರೋಮೋಲಾರ್ ಹಾಕಿ, ಅಗೋನಿಸ್ಟ್ ಕೊಟ್ಟು 15 ನಿಮಿಷಕ್ಕೆ ನಿಲ್ಲಿಸುತ್ತೇನೆ. ಧನಾತ್ಮಕ ನಿಯಂತ್ರಣಕ್ಕೆ, ಗ್ರಾಹಕವಿಲ್ಲದೆಯೂ ಸೈಕ್ಲಿಕ್ ಎಎಂಪಿ ಏರಿಸುವ ಫೋರ್ಸ್ಕೋಲಿನ್.

ಸಿಡಿ73 ಚಟುವಟಿಕೆಯನ್ನು ಮ್ಯಾಲಕೈಟ್ ಗ್ರೀನ್‌ನಿಂದ ನೋಡುವವರು ಕೋಶಗಳನ್ನು ಪಿಬಿಎಸ್ ಎಂಬ ಫಾಸ್ಫೇಟ್ ಬಫರ್‌ನಲ್ಲಿ ತೊಳೆಯಬಾರದು: ಈ ಬಣ್ಣ ಅಳೆಯುವುದೇ ಸಿಡಿ73 ಎಎಂಪಿಯನ್ನು ಅಡೆನೊಸಿನ್ ಮಾಡುವಾಗ ಬಿಡುಗಡೆಯಾಗುವ ಫಾಸ್ಫೇಟನ್ನು. ಫಾಸ್ಫೇಟ್ ಇರುವ ಆರ್‌ಪಿಎಂಐ ಮಾಧ್ಯಮ ಕೂಡ ಆಗದು. ಹೆಪೀಸ್ ಬಫರ್ ಉಪ್ಪಿನ ದ್ರಾವಣದಲ್ಲಿ ಮೂರು ಸಲ ತೊಳೆದು, ಎಎಂಪಿ ಇಲ್ಲದ ವೆಲ್‌ನ ಓದಿಕೆಯನ್ನು ಕಳೆಯಬೇಕು.