ಎಣ್ಣೆಯೊಳಗಿನ ಚೂರು: ಚಿಪ್ ಡಿಟೆಕ್ಟರ್ ತಪಾಸಣೆ ಹೇಗೆ?

ಹೆಲಿಕಾಪ್ಟರ್‌ಗೆ ಎಂಜಿನ್ ಎರಡಿರಬಹುದು. ಅವುಗಳ ಬಲವನ್ನು ಮೇಲೆ ತಿರುಗುವ ರೆಕ್ಕೆಗಳಿಗೆ, ಅಂದರೆ ರೋಟರ್‌ಗೆ, ತಲುಪಿಸುವ ಮುಖ್ಯ ಗೇರ್‌ಬಾಕ್ಸ್ ಮಾತ್ರ ಸಾಮಾನ್ಯವಾಗಿ ಒಂದೇ. ಅದರ ಬೇರಿಂಗ್, ಹಲ್ಲುಚಕ್ರಗಳು ಕೆಡತೊಡಗಿದರೆ ಉಕ್ಕಿನ ಚೂರುಗಳು ಉದುರಿ ಎಣ್ಣೆಗೆ ಸೇರುತ್ತವೆ. ಅವನ್ನು ಹಿಡಿದಿಡುವ, ತುದಿಯಲ್ಲಿ ಅಯಸ್ಕಾಂತವಿರುವ ಪುಟ್ಟ ಪ್ಲಗ್ಗೇ ಚಿಪ್ ಡಿಟೆಕ್ಟರ್. ವಿದ್ಯುತ್ ಸಂಪರ್ಕವಿರುವ ಮಾದರಿಯಲ್ಲಿ ಚೂರು ಎರಡು ತುದಿಗಳನ್ನು ಜೋಡಿಸಿದರೆ ಪೈಲಟ್ ಮುಂದೆ ದೀಪ ಹೊತ್ತುತ್ತದೆ. ದೀಪ ಹೊತ್ತಲಿ, ಬಿಡಲಿ, ತಯಾರಕರ ಕೈಪಿಡಿ ಹೇಳಿದಷ್ಟು ಹಾರಾಟದ ಗಂಟೆಗಳಿಗೊಮ್ಮೆ ಅದನ್ನು ಬಿಚ್ಚಿ ನೋಡಲೇಬೇಕು.

ರೋಟರ್ ಪೂರ್ತಿ ನಿಂತು, ಬ್ಯಾಟರಿ ಸ್ವಿಚ್ ಆರಿಸಿ, ಎಣ್ಣೆ ತಣಿದ ಮೇಲೆ ಕೆಲಸ ಶುರು ಮಾಡಿ. ಪ್ಲಗ್ ಸುತ್ತಲಿನ ಕೊಳೆಯನ್ನು ಮೊದಲೇ ಒರೆಸಿ. ಇಲ್ಲವಾದರೆ ಹೊರಗಿನ ಕಸವೇ ಒಳಗಿನ ಚೂರಿನಂತೆ ಕಂಡೀತು. ಹಲವು ಮಾದರಿಗಳಲ್ಲಿ ಪ್ಲಗ್ಗನ್ನು ಒತ್ತಿ ತಿರುಗಿಸಿದರೆ ಕೈಗೆ ಬರುತ್ತದೆ, ಹಿಂದಿರುವ ಕವಾಟ ತಾನೇ ಮುಚ್ಚಿ ಎಣ್ಣೆಯನ್ನು ತಡೆಯುತ್ತದೆ.

ಹೊರತೆಗೆದ ಪ್ಲಗ್ಗನ್ನು ತಕ್ಷಣ ಬಟ್ಟೆಯಿಂದ ಒರೆಸಬೇಡಿ. ಅಲ್ಲಿ ಅಂಟಿರುವುದೇ ನಿಮ್ಮ ಸಾಕ್ಷ್ಯ. ಅದನ್ನು ಬಿಳಿ ಕಾಗದದ ಮೇಲೆ ಬಿಡಿಸಿ, ಭೂತಗನ್ನಡಿಯಲ್ಲಿ ನೋಡಿ. ಬೂದು ಬಣ್ಣದ ನುಣ್ಣನೆಯ ಮಸಿ ಸಾಮಾನ್ಯವಾಗಿ ಮಾಮೂಲಿ ಸವೆತ. ಹೊಸ ಗೇರ್‌ಬಾಕ್ಸ್‌ನಲ್ಲಿ ತುಸು ಹೆಚ್ಚೇ ಇರುತ್ತದೆ. ಹೊಳೆಯುವ ಚಪ್ಪಟೆ ಪದರ ಸಿಕ್ಕರೆ ಬೇರಿಂಗ್ ಅಥವಾ ಹಲ್ಲಿನ ಮೇಲ್ಮೈ ಏಳುತ್ತಿರಬಹುದು. ಚೂರಿನ ಅಳತೆ, ಸಂಖ್ಯೆಗಳನ್ನು ಕೈಪಿಡಿಯ ಮಿತಿಗೆ ಹೋಲಿಸಿ, ಮಿತಿ ಮೀರಿದ್ದರೆ ಹಾರಾಟ ನಿಲ್ಲಿಸಿ. ಚೂರನ್ನು ಎಸೆಯದೆ ಲೇಬಲ್ ಹಚ್ಚಿ ಪ್ರಯೋಗಾಲಯಕ್ಕೆ ಕಳಿಸಿ: ಅದು ಯಾವ ಉಕ್ಕು ಎಂದು ತಿಳಿದರೆ ಯಾವ ಭಾಗದ್ದೆಂಬ ಸುಳಿವು ಸಿಗುತ್ತದೆ. ಕಂಚು, ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ ಎಣ್ಣೆಯ ಫಿಲ್ಟರನ್ನೂ ಬಿಚ್ಚಿ ನೋಡಬೇಕು.

ಒಂದೇ ಚೂರು ತಾನೇ ಎಂದು ತಳ್ಳಿಹಾಕುವ ಹಾಗಿಲ್ಲ. 2009ರ ಏಪ್ರಿಲ್ 1ರಂದು ಸ್ಕಾಟ್ಲೆಂಡ್ ಬಳಿಯ ಉತ್ತರ ಸಮುದ್ರಕ್ಕೆ ಬಿದ್ದ ಸೂಪರ್ ಪೂಮಾ ಹೆಲಿಕಾಪ್ಟರ್‌ನಲ್ಲಿದ್ದ 16 ಮಂದಿಯೂ ಸತ್ತರು. ಅದಕ್ಕೆ 36 ಹಾರಾಟದ ಗಂಟೆ ಮೊದಲು, ಮಾರ್ಚ್ 25ರಂದು, ಅದೇ ಗೇರ್‌ಬಾಕ್ಸ್‌ನ ಡಿಟೆಕ್ಟರ್‌ನಲ್ಲಿ ಚೂರೊಂದು ಸಿಕ್ಕಿತ್ತು. ಒಳಗಿನ ಹಲ್ಲುಚಕ್ರ ಒಡೆಯುತ್ತಿರುವ ಗುರುತು ಅದೆಂದು ಯಾರಿಗೂ ಹೊಳೆಯಲಿಲ್ಲ.

ಇನ್ನು ಮರುಜೋಡಣೆ. ಬಿಚ್ಚುವಷ್ಟೇ ಎಚ್ಚರ ಇಲ್ಲೂ ಬೇಕು. ತುದಿಯನ್ನು ಶುಚಿ ಮಾಡಿ, ಎಣ್ಣೆ ಸೋರದಂತೆ ತಡೆಯುವ ಬಳೆಯಾದ ಓ-ರಿಂಗ್ ಹೊಸದನ್ನು ಹಾಕಿ, ಅದಕ್ಕೆ ಗೇರ್‌ಬಾಕ್ಸ್‌ನದೇ ಎಣ್ಣೆ ಸವರಿ ಕೂರಿಸಿ. ಸ್ಟೋರಿನಿಂದ ಬಂದ ಪ್ಲಗ್‌ನಲ್ಲಿ ರಿಂಗ್ ಇದ್ದೇ ಇರುತ್ತದೆಂದು ನಂಬಬೇಡಿ, ಬೆರಳಿಂದ ಮುಟ್ಟಿ ನೋಡಿ. 1983ರ ಮೇ 5ರಂದು ಅಮೆರಿಕದ ಮಯಾಮಿಯಿಂದ ಬಹಾಮಾಸ್‌ನ ನಸೌಗೆ ಹೊರಟ ಈಸ್ಟರ್ನ್ ಏರ್‌ಲೈನ್ಸ್‌ನ ಎಲ್-1011 ಪ್ರಯಾಣಿಕ ವಿಮಾನದ ಮೂರೂ ಎಂಜಿನ್‌ಗಳ ಡಿಟೆಕ್ಟರ್‌ಗಳನ್ನು ಓ-ರಿಂಗ್ ಇಲ್ಲದೆ ಕೂರಿಸಲಾಗಿತ್ತು. ಎಣ್ಣೆ ಸೋರಿ, ಮೂರೂ ಎಂಜಿನ್‌ಗಳು ನಿಂತವು. ಮೊದಲೇ ಆರಿಸಿದ್ದ ಒಂದನ್ನು ಮತ್ತೆ ಚಾಲೂ ಮಾಡಿ ಪೈಲಟ್‌ಗಳು 172 ಮಂದಿಯನ್ನು ಮಯಾಮಿಗೇ ಮರಳಿ ಇಳಿಸಿದರು.

ಆದ್ದರಿಂದ ಪ್ಲಗ್ ಕೂರಿಸಿದ ಮೇಲೆ ನೆಲದಲ್ಲೇ ಕೈಪಿಡಿ ಹೇಳಿದಷ್ಟು ಹೊತ್ತು ಚಾಲನೆ ಮಾಡಿ, ನಿಲ್ಲಿಸಿ, ಟಾರ್ಚ್ ಹಿಡಿದು ಸೋರಿಕೆ ಹುಡುಕಿ. ಎಣ್ಣೆಯ ಮಟ್ಟವನ್ನೂ ನೋಡಿ. ಒಂದಕ್ಕಿಂತ ಹೆಚ್ಚು ಎಂಜಿನ್‌ಗಳಲ್ಲಿ ಇದೇ ಕೆಲಸವಿದ್ದರೆ ಒಂದೊಂದನ್ನು ಬೇರೆ ಬೇರೆಯವರು ಮಾಡಲಿ. ಒಬ್ಬರ ಮರೆವು ಎಲ್ಲ ಎಂಜಿನ್‌ಗಳಿಗೂ ಹರಡದು. ಸಿಕ್ಕ ಚೂರಿನ ವಿವರವನ್ನು ಲಾಗ್‌ಬುಕ್‌ನಲ್ಲಿ ಬರೆದ ಮೇಲಷ್ಟೇ ಲೈಸೆನ್ಸ್ ಪಡೆದ ಎಂಜಿನಿಯರ್ ಸಹಿ ಹಾಕಬೇಕು.