ವಾಲ್ವ್ ರೇಡಿಯೋ ಎರಡು, ಏರಿಯಲ್ ಒಂದೇ

ಅಟ್ಟದಿಂದ ಅಜ್ಜನ ಕಾಲದ, ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ರೇಡಿಯೋ ಇಳಿಸಿದ್ದೀರಾ? ದಯವಿಟ್ಟು ಪ್ಲಗ್‌ಗೆ ಹಾಕಬೇಡಿ. ಕೊಡಗಿನ ಅಷ್ಟೊಂದು ಮಳೆಗಾಲ ಕಂಡ ಪೆಟ್ಟಿಗೆ ಅದು, ಒಳಗಿನ ಪೇಪರ್ ಕೆಪಾಸಿಟರ್‌ಗಳು ತೇವ ಕುಡಿದು ಕರೆಂಟ್ ಲೀಕ್ ಮಾಡುವಂತಾಗಿರುತ್ತವೆ. ನಾನೂ ಒಮ್ಮೆ ಆತುರಪಟ್ಟೆ. ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಎರಡು ದಿನ ಮನೆ ಬಿಡಲಿಲ್ಲ.

ಮೊದಲು ಬಲ್ಲವರ ಕೈಲಿ ಆ ಕೆಪಾಸಿಟರ್‌ಗಳನ್ನು ಬದಲಿಸಿ. ಆಮೇಲೆ 60 ವ್ಯಾಟ್‌ನ ಹಳೇ ಥರದ ಬಲ್ಬ್ ಒಂದನ್ನು, ಕರೆಂಟ್ ಅದನ್ನು ದಾಟಿಯೇ ರೇಡಿಯೋಗೆ ಹೋಗುವಂತೆ, ಸೀರೀಸ್‌ನಲ್ಲಿ ಹಾಕಿ ಸ್ವಿಚ್ ಒತ್ತಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ, ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಇದೆ, ಕೂಡಲೇ ಆಫ್ ಮಾಡಿ. ಒಳಗೆ 250 ವೋಲ್ಟ್ ಆಸುಪಾಸು ಡಿಸಿ ಓಡಾಡುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ/ಡಿಸಿ ಸೆಟ್ಟಾದರೆ ಇನ್ನೂ ಹುಷಾರು, ಪ್ಲಗ್ ತಿರುಗುಮುರುಗಾದರೆ ತಗಡಿನ ಚಾಸಿಗೇ ಫೇಸ್ ಬಂದುಬಿಡುತ್ತದೆ.

ಏರಿಯಲ್‌ಗೆ ಕಾಫಿ ತೋಟದವರಿಗೆ ಚಿಂತೆಯಿಲ್ಲ. ಎರಡು ಸಿಲ್ವರ್ ಓಕ್ ನಡುವೆ 15–20 ಮೀಟರ್ ತಾಮ್ರದ ತಂತಿ ಎಳೆದರೆ ಸಾಕು. ಮಾರ್ಚ್, ಏಪ್ರಿಲ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಗುಡುಗಿನ ಜೊತೆ ಬರುತ್ತದಲ್ವಾ, ಮೋಡ ಕಂಡ ಕೂಡಲೇ ತಂತಿ ಕಳಚಿಡಿ.

ಈಗ ಎರಡು ಸೆಟ್‌ಗಳಲ್ಲಿ ಯಾವುದು ಮೇಲು ಅನ್ನುವ ಹೋಲಿಕೆ. ಇವತ್ತು ಒಂದು ಸೆಟ್, ನಾಳೆ ಇನ್ನೊಂದು ಕೇಳಿ ತೀರ್ಪು ಕೊಟ್ಟರೆ ಅದು ಸೆಟ್‌ನ ಪರೀಕ್ಷೆಯಲ್ಲ, ಆಕಾಶದ ಪರೀಕ್ಷೆ. ಶಾರ್ಟ್‌ವೇವ್ ಅಲೆ ಮೇಲಿನ ವಾತಾವರಣದ ಅಯಾನುಗೋಳಕ್ಕೆ ತಾಗಿ ವಾಪಸ್ ಬರುವುದರಿಂದ ಗಂಟೆಗಂಟೆಗೂ ಬದಲಾಗುತ್ತದೆ: ಹಗಲು 19, 16 ಮೀಟರ್ ಬ್ಯಾಂಡ್‌ಗಳು ಚೆನ್ನಾಗಿ ಕೇಳುತ್ತವೆ, ಕತ್ತಲಾದ ಮೇಲೆ 49, 41. ಅದಕ್ಕೇ ಒಂದೇ ಏರಿಯಲ್‌ಗೆ ಟೂ-ವೇ ಸ್ವಿಚ್ ಹಾಕಿ, ಎರಡೂ ಸೆಟ್‌ಗಳನ್ನು ಇಪ್ಪತ್ತು ನಿಮಿಷ ಬಿಸಿಯಾಗಲು ಬಿಟ್ಟು, ಒಂದೇ ಕೇಂದ್ರಕ್ಕೆ ತಿರುಗಿಸಿ ಅತ್ತಿತ್ತ ಬದಲಿಸುತ್ತ ಕೇಳಿ. ಚೀನಾದ ಕೇಂದ್ರಗಳು ಸಂಜೆ ಧಾರಾಳ.

ನನಗೆ ಇಷ್ಟವಾದ ಪರೀಕ್ಷೆ ಸುಳ್ಳು ಕೇಂದ್ರದ್ದು. ಇಂಥ ಸೆಟ್‌ಗಳ ಐಎಫ್, ಅಂದರೆ ಬಂದ ಸಿಗ್ನಲ್ಲನ್ನು ಸೆಟ್ ಒಳಗೆ ಬದಲಿಸಿಕೊಳ್ಳುವ ಮಧ್ಯಂತರ ಆವರ್ತನ, ಸಾಮಾನ್ಯವಾಗಿ 455 ಕಿಲೋಹರ್ಟ್ಸ್. ಅದರ ಎರಡರಷ್ಟು, ಅಂದರೆ 910 ಕಿಲೋಹರ್ಟ್ಸ್ ದೂರದಲ್ಲಿ ಅದೇ ಕೇಂದ್ರ ಇನ್ನೊಮ್ಮೆ ಇಣುಕುತ್ತದೆ. 15.4 ಮೆಗಾಹರ್ಟ್ಸ್‌ನಲ್ಲಿ ಜೋರಾಗಿ ಕೇಳಿದ ದನಿಯೇ 14.5ರ ಹತ್ತಿರ ಸಿಕ್ಕಿದರೆ ಹೊಸ ದೇಶ ಸಿಕ್ಕಿತೆಂದು ಕುಣಿಯಬೇಡಿ. ಐದು ವಾಲ್ವಿನ ಮನೆ ರೇಡಿಯೋಗಳಲ್ಲಿ ಇದು ಜಾಸ್ತಿ. ಮಿಕ್ಸರ್‌ಗೆ (ಆ ಬದಲಾವಣೆ ಮಾಡುವ ಭಾಗ) ಮೊದಲು, ಬೇಕಾದ ಸಿಗ್ನಲ್ಲನ್ನಷ್ಟೇ ಸೋಸಿ ಬಲಪಡಿಸುವ ಒಂದೋ ಎರಡೋ ಆರ್‌ಎಫ್ ಹಂತ ಇರುವ ಎಡ್ಡಿಸ್ಟೋನ್, ಆರ್‌ಸಿಎಯ ಎಆರ್-88 ಥರದ, ಸಂಪರ್ಕಕ್ಕೆಂದೇ ಮಾಡಿದ ಕಮ್ಯುನಿಕೇಶನ್ ರಿಸೀವರ್‌ಗಳಲ್ಲಿ ಕಡಿಮೆ. ಅವುಗಳಲ್ಲಿ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೋದವರ, ದನಿ ಬಿಡಿಸಿಕೊಡುವ ಬಿಎಫ್‌ಓ ಎಂಬ ಸರ್ಕ್ಯೂಟ್ ಕೂಡ ಇರುತ್ತದೆ, ಹಾಗಾಗಿ 7.1 ಮೆಗಾಹರ್ಟ್ಸ್ ಸುತ್ತ ಹ್ಯಾಮ್‌ಗಳ ಹರಟೆ ಸ್ಪಷ್ಟವಾಗಿ ಕೇಳುತ್ತದೆ. ಮನೆ ರೇಡಿಯೋದಲ್ಲಿ ಅದು ಬಾತುಕೋಳಿ ಜಗಳ.

ಡಯಲ್ ಮುಟ್ಟದೆ ಅರ್ಧ ಗಂಟೆ ಬಿಡಿ, ಕೇಂದ್ರ ಎಷ್ಟು ಸರಿಯುತ್ತದೆ ಅಂತಲೂ ಗೊತ್ತಾಗುತ್ತದೆ.

ಆದರೂ ಹಾಡು ಕೇಳಲು ನಾನು ಆರಿಸುವುದು ಮನೆ ರೇಡಿಯೋವನ್ನೇ. ಮರದ ಪೆಟ್ಟಿಗೆ, ದೊಡ್ಡ ಸ್ಪೀಕರ್, ಕೇಂದ್ರ ಸರಿಯಾಗಿ ಸಿಕ್ಕಿತೆಂದು ತೋರಿಸುವ ಹಸಿರು ಮ್ಯಾಜಿಕ್ ಐ. ಅಂದಹಾಗೆ ಇದರಲ್ಲಿ ಮಡಿಕೇರಿ ಆಕಾಶವಾಣಿ ಹುಡುಕಬೇಡಿ, ಅದು ಎಫ್‌ಎಂ.

ಗೊರಗೊರ ಜಾಸ್ತಿಯಿದ್ದರೆ ಎಲ್‌ಇಡಿ ಬಲ್ಬ್, ಚಾರ್ಜರ್, ಇನ್ವರ್ಟರ್ ಒಂದೊಂದಾಗಿ ಆಫ್ ಮಾಡಿ ನೋಡಿ. ಜುಲೈನಲ್ಲಿ ಇಡೀ ಊರಿಗೆ ಕರೆಂಟ್ ಹೋದಾಗ ಆ ಗದ್ದಲವೆಲ್ಲ ಒಂದೇ ಸಲ ನಿಲ್ಲುತ್ತದೆ. ಏನು ಮಾಡೋದು, ರೇಡಿಯೋನೂ ನಿಂತಿರುತ್ತದೆ.