20,000 ಯೆನ್ ಒಳಗೆ ಇಜು ಓಶಿಮಾ: ನಾಲ್ಕನೇ ಸಲಕ್ಕೆ ಕೈಗೂಡಿತು

ಶುಕ್ರವಾರ ಆಫೀಸು ಮುಗಿಸಿ ಹೊರಡಬೇಕು, ಭಾನುವಾರ ರಾತ್ರಿ ಊಟಕ್ಕೆ ಮನೆಯಲ್ಲಿರಬೇಕು. ನಡುವೆ ಟೋಕಿಯೋದ ದಕ್ಷಿಣಕ್ಕೆ ಸಮುದ್ರದಲ್ಲಿರುವ ಇಜು ಓಶಿಮಾ ದ್ವೀಪದ ಮಿಹಾರಾ ಅನ್ನೋ ಜ್ವಾಲಾಮುಖಿ ಬೆಟ್ಟ ಹತ್ತಿ ಇಳಿಯಬೇಕು. ಖರ್ಚು 20,000 ಯೆನ್ ದಾಟಬಾರದು. ನಮ್ಮ ದುಡ್ಡಲ್ಲಿ ಹನ್ನೊಂದು ಸಾವಿರದ ಆಸುಪಾಸು. ಟೋಕಿಯೋದ ನಿಶಿ ಕಸಾಯಿಯ ಕನ್ನಡದ ಗೆಳೆಯರಿಗೆ ಹೇಳಿದಾಗ ಯಾರೂ ನಂಬಲಿಲ್ಲ. "ಹಡಗಿಗೇ ಅಷ್ಟಾಗುತ್ತೆ ಮಾರಾಯ, ರೂಮಿಗೇನು ಮಾಡ್ತೀಯ?" ಅಂದರು. ಕಳೆದ ನವೆಂಬರಿನಲ್ಲಿ ಹೋಗಿ ಬಂದೆ. 17,300 ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮೂರು ಸಲ ಕೆಟ್ಟಿದ್ದನ್ನು ಹೇಳದಿದ್ದರೆ ನಾಲ್ಕನೆಯದು ಅರ್ಥವಾಗಲ್ಲ.

ಮೊದಲ ಸಲ ಫೆಬ್ರವರಿ. ಕ್ಯಾಮೆಲಿಯಾ ಹೂವಿನ ಕಾಲ. ಒಂದೂಮುಕ್ಕಾಲು ಗಂಟೆಯಲ್ಲಿ ತಲುಪಿಸುವ ಜೆಟ್ ದೋಣಿ ಬುಕ್ ಮಾಡಿದ್ದೆ. ಸಮುದ್ರ ಜೋರಾಗಿತ್ತು, ದೋಣಿ ಹೊರಡಲೇ ಇಲ್ಲ. ಟಿಕೆಟ್ ದುಡ್ಡು ವಾಪಸ್ ಬಂತು, ದ್ವೀಪದಲ್ಲಿ ಹಿಡಿದಿದ್ದ ರೂಮಿನದ್ದು ಬರಲಿಲ್ಲ. 8,000 ಯೆನ್ ಕೈಬಿಟ್ಟಿತು. ಓಶಿಮಾದ ಮಣ್ಣನ್ನೂ ನೋಡಲಿಲ್ಲ.

ಎರಡನೇ ಸಲ ರಾತ್ರಿ ಹಡಗು. ಟೋಕಿಯೋದ ತಾಕೆಶಿಬಾ ಬಂದರಿನಿಂದ ರಾತ್ರಿ ಹತ್ತು ಹನ್ನೊಂದಕ್ಕೆ ಹೊರಟು ಬೆಳಿಗ್ಗೆ ಆರಕ್ಕೆ ಇಳಿಸುತ್ತೆ. ನೆಲಕ್ಕೆ ಕಾರ್ಪೆಟ್ ಹಾಸಿದ ಎರಡನೇ ದರ್ಜೆ. ನೂರು ಯೆನ್ ಉಳಿಸಲು ಕಂಬಳಿ ಬಾಡಿಗೆಗೆ ತಗೊಳ್ಳಲಿಲ್ಲ. ರಾತ್ರಿಯಿಡೀ ಚಳಿಗೆ ಮುದುಡಿಕೊಂಡಿದ್ದೆ. ಅದಕ್ಕಿಂತ ದೊಡ್ಡ ತಪ್ಪು ಬೆಳಿಗ್ಗೆ ಗೊತ್ತಾಯಿತು. ಈ ದ್ವೀಪಕ್ಕೆ ಎರಡು ಬಂದರು, ಮೊತೊಮಾಚಿ ಮತ್ತು ಒಕಾತಾ. ಯಾವುದರಲ್ಲಿ ಇಳಿಸುತ್ತಾರೆ ಅನ್ನೋದು ಆ ದಿನದ ಗಾಳಿ, ಅಲೆ ನೋಡಿ ಬೆಳಿಗ್ಗೆಯೇ ತೀರ್ಮಾನ. ನಾನು ಸೈಕಲ್ ಹೇಳಿದ್ದು ಮೊತೊಮಾಚಿಯಲ್ಲಿ, ಇಳಿದದ್ದು ಒಕಾತಾದಲ್ಲಿ. ಟ್ಯಾಕ್ಸಿಗೆ 3,000 ಹೋಯಿತು. ಆಮೇಲೆ ಆ ಸೈಕಲ್ಲನ್ನು ಬೆಟ್ಟಕ್ಕೆ ಅರ್ಧ ದಾರಿ ತಳ್ಳಿಕೊಂಡೇ ಹೋದೆ. ಮೇಲೆ ಹೋಗುವಷ್ಟರಲ್ಲಿ ಕಾಲಲ್ಲಿ ಬಲ ಇರಲಿಲ್ಲ, ಜ್ವಾಲಾಮುಖಿಯ ಬಾಯಿ ನೋಡದೆ ವಾಪಸ್ ಬಂದೆ. ರೂಮು ಸೇರಿ ಸುಮಾರು 31,000.

ಮೂರನೇ ಸಲ ಜೂನ್. ಟೆಂಟ್ ತಗೊಂಡು ಹೋದೆ. ಮಳೆಗಾಲ ಅಂತ ಗೊತ್ತಿದ್ದೂ ಹೋದೆ, ಆ ವಾರ ಟಿಕೆಟ್ ಅಗ್ಗವಿತ್ತು. ಮೇಲೆ ಮೋಡ ಕವಿದು ಹತ್ತು ಹೆಜ್ಜೆ ಮುಂದೆ ಏನೂ ಕಾಣಲಿಲ್ಲ. ರಾತ್ರಿ ಸಮುದ್ರದ ಗಾಳಿಗೆ ಟೆಂಟಿನ ಎರಡು ಗೂಟ ಕಿತ್ತು ಬಂದವು. ಬೆಳಗಿನವರೆಗೂ ಒಂದು ಮೂಲೆ ಹಿಡಿದು ಕೂತಿದ್ದೆ. ಖರ್ಚು ಮಾತ್ರ 19,000ಕ್ಕೆ ಇಳಿದಿತ್ತು. ಆಗಲೇ ಅನಿಸಿತು, ದಾರಿ ಇದೇ, ತಿಂಗಳು ತಪ್ಪು ಅಂತ.

ನಾಲ್ಕನೇ ಸಲ ಯಾವ ಬಂದರಾದರೂ ತೊಂದರೆಯಾಗದ ಹಾಗೆ ಯೋಜನೆ ಹಾಕಿದೆ. ಸೈಕಲ್ ಇಲ್ಲ, ಸ್ಕೂಟರ್ ಇಲ್ಲ, ಬಸ್ಸಿನ ಎರಡು ದಿನದ ಪಾಸ್, 3,000. ಬೆಳಗಿನ ಹಡಗು ಎಲ್ಲಿ ಬರುತ್ತೋ ಅಲ್ಲಿಂದಲೇ ಬೆಟ್ಟದ ಬಸ್ ಹೊರಡುತ್ತೆ. ಇಳಿದವರು ಮೊದಲು ಕಾಫಿ ಹುಡುಕುತ್ತಾರೆ, ನಾನು ಸೀದಾ ಬಸ್ ಸಾಲಿಗೆ ನಿಂತೆ. ಏಳೂವರೆಗೆಲ್ಲ ಮೇಲಿದ್ದೆ.

ಮೇಲಿನ ಬಸ್ ನಿಲ್ದಾಣದಿಂದ ಬಾಯಿಯ ಅಂಚಿಗೆ ಎರಡು ಕಿಲೋಮೀಟರು ಚಿಲ್ಲರೆ, ಸುತ್ತು ಹಾಕಲು ಇನ್ನೆರಡೂವರೆ. 1986ರ ನವೆಂಬರ್ 15ಕ್ಕೆ ಬೆಟ್ಟ ಬಾಯಿ ತೆರೆಯಿತು. 21ಕ್ಕೆ ನೆಲವೇ ಸೀಳಿ ಬೆಂಕಿ ಎದ್ದಾಗ ದ್ವೀಪದ ಸುಮಾರು 10,000 ಜನರನ್ನು ಹಡಗುಗಳಲ್ಲಿ ಸಾಗಿಸಿದರು. ತಿಂಗಳ ಮಟ್ಟಿಗೆ ಊರೇ ಖಾಲಿ. ಆ ಲಾವಾ ಇವತ್ತಿಗೂ ದಾರಿ ಪಕ್ಕದಲ್ಲಿ ಹಾಗೇ ಕಪ್ಪಗೆ ಹೆಪ್ಪುಗಟ್ಟಿ ನಿಂತಿದೆ. ಮೇಲೊಂದು ಚಿಕ್ಕ ಗುಡಿ ಇದೆ, ಮಿಹಾರಾ ದೇವರದು. ಹರಿದು ಬಂದ ಲಾವಾ ಗುಡಿಯ ಹತ್ತಿರ ಎರಡಾಗಿ ಕವಲೊಡೆದು ಪಕ್ಕದಿಂದ ಹೋಗಿಬಿಟ್ಟಿದೆ. ನಾನು ಅಲ್ಲಿನವರ ಹಾಗೆ ಚಪ್ಪಾಳೆ ತಟ್ಟಿ ನಮಸ್ಕಾರ ಮಾಡೋದು ಬಿಟ್ಟು ನಮ್ಮ ರೀತಿಯಲ್ಲೇ ಕೈ ಮುಗಿದೆ. ಅಂಚಿನ ದಾರಿಯಲ್ಲಿ ಅಲ್ಲಲ್ಲಿ ಬಿಸಿ ಆವಿ ಬರುತ್ತೆ. ಚಳಿಗಾಳಿಯಲ್ಲಿ ಅದರ ಪಕ್ಕ ನಿಂತರೆ ಬಚ್ಚಲ ಒಲೆ ಮುಂದೆ ಕೂತ ಹಾಗೆ. ಆ ದಿನ ಫ್ಯೂಜಿ ಬೆಟ್ಟ ಪೂರ್ತಿ ಕಂಡಿತು. ಮೂರು ಸಲ ಕಳೆದುಕೊಂಡದ್ದೆಲ್ಲ ಒಂದೇ ಸಲಕ್ಕೆ ವಾಪಸ್ ಸಿಕ್ಕಿತು.

ನೀರು ಕೆಳಗಿಂದಲೇ ಹೊತ್ತುಕೊಂಡು ಹೋಗಿ. ಮಳೆ ಎಷ್ಟು ಬಂದರೂ ಈ ಮಣ್ಣು ಕುಡಿದುಬಿಡುತ್ತೆ, ಹೊಳೆ ತೊರೆ ಇಲ್ಲ. ನಾನು ಎರಡು ಲೀಟರ್ ಇಟ್ಟುಕೊಂಡಿದ್ದೆ.

ಊಟದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು, ದುಡ್ಡು ಉಳಿಯೋದು ಅಲ್ಲೇ. ನಾನು ಸಸ್ಯಾಹಾರಿ, ಅಲ್ಲಿ ಎಲ್ಲದರಲ್ಲೂ ಮೀನು. ಒಲೆ ಹೊರುವ ಬದಲು ಗೊಜ್ಜವಲಕ್ಕಿ. ಮೂರನೇ ಸಲ ಗಟ್ಟಿ ಅವಲಕ್ಕಿಯನ್ನು ಹಾಗೇ ಒಯ್ದಿದ್ದೆ, ಥರ್ಮಾಸಿನ ನೀರಿಗೆ ಮೆತ್ತಗಾಗಲೇ ಇಲ್ಲ. ಈ ಸಲ ರವೆಯ ಹದಕ್ಕೆ ತರಿತರಿ ಪುಡಿ ಮಾಡಿ, ಗೊಜ್ಜನ್ನು ನೀರಿಲ್ಲದ ಹಾಗೆ ಕುದಿಸಿ, ಒಗ್ಗರಣೆ ಕೊಟ್ಟು ಡಬ್ಬಿಗೆ ತುಂಬಿದೆ. ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟರೆ ಉದುರುದುರಾಗಿ ಅರಳುತ್ತೆ. ಪಕ್ಕದಲ್ಲಿ ಕೂತ ಜಪಾನಿ ಅಜ್ಜ ಎರಡು ಸಲ ಕೇಳಿ ಹಾಕಿಸಿಕೊಂಡರು. ಎರಡು ದಿನದ ತಿಂಡಿ, ಟೀ ಎಲ್ಲ ಸೇರಿ 1,500 ಮುಟ್ಟಿತು.

ಮಧ್ಯಾಹ್ನ ಮೊತೊಮಾಚಿಯ ಹಮಾನೋಯು ಬಯಲು ಬಿಸಿನೀರಿನ ಕೊಳ, 300 ಯೆನ್. ಹೆಂಗಸರು ಗಂಡಸರು ಒಟ್ಟಿಗೇ, ಈಜುಡುಗೆ ಬೇಕು. ಒಂದು ಗಂಟೆಗೆ ತೆರೆಯುತ್ತೆ. ಆಮೇಲೆ ಬಸ್ಸಲ್ಲಿ ದಕ್ಷಿಣದ ತೊಉಶಿಕಿಗೆ ಹೋಗಿ ಟೆಂಟ್ ಹಾಕಿದೆ. ಮೊದಲೇ ಅರ್ಜಿ ಕೊಟ್ಟಿದ್ದೆ, ಬಾಡಿಗೆ ಇರಲಿಲ್ಲ. ಈ ಸಲ ಗೂಟ ನಂಬಲಿಲ್ಲ. ಅಕ್ಕಿ ಚೀಲದಂಥ ಆರು ಚೀಲ ಒಯ್ದು, ಕಲ್ಲು ತುಂಬಿ ಹಗ್ಗಕ್ಕೆ ಕಟ್ಟಿದೆ. ಗಾಳಿ ಬೀಸಿತು, ಟೆಂಟ್ ಅಲ್ಲಾಡಲಿಲ್ಲ. ಬೆಳಿಗ್ಗೆ ಕಲ್ಲನ್ನೆಲ್ಲ ಇದ್ದಲ್ಲೇ ಇಟ್ಟು ಬಂದೆ.

ಭಾನುವಾರ ದಾರಿಯಲ್ಲಿ ಬಸ್ಸಿಳಿದು ಪದರಗಳ ಗೋಡೆ ನೋಡಿದೆ. ರಸ್ತೆಗೆ ಗುಡ್ಡ ಕಡಿದಾಗ ಹೊರಬಿದ್ದದ್ದು. ಎತ್ತರ 24 ಮೀಟರ್ ಹತ್ತಿರ, ಉದ್ದ 600ರ ಮೇಲೆ. ಒಂದೊಂದು ಸ್ಫೋಟಕ್ಕೂ ಒಂದೊಂದು ಪದರ ಬೂದಿ, ಮಡಿಸಿಟ್ಟ ಜಮಖಾನೆಗಳ ಹಾಗೆ. ಅಲ್ಲಿ ಮುಂದಿನ ಬಸ್ ಬರುವ ತನಕ ನಿಂತಿದ್ದೆ, ಕಾಲು ನೋಯಲಿಲ್ಲ.

ಬರುವಾಗ ಒಂದು ಕಟ್ಟು ಅಶಿತಾಬಾ ಸೊಪ್ಪು ತಂದೆ. ಇವತ್ತು ಕಿತ್ತರೆ ನಾಳೆ ಚಿಗುರುತ್ತೆ ಅಂತ ಆ ಹೆಸರು. ದಂಟು ಮುರಿದರೆ ಹಳದಿ ಹಾಲು ಬರುತ್ತೆ. ಎರಡನೇ ಸಲ ತಂದಾಗ ಪಲ್ಯ ಮಾಡಿ ಕಹಿಗೆ ಚೆಲ್ಲಿದ್ದೆವು. ಈ ಸಲ ಉಪ್ಪು ನೀರಲ್ಲಿ ಒಂದು ಕುದಿ ಬರಿಸಿ, ಹಿಂಡಿ, ಬೇಳೆ ಜೊತೆ ಬಸ್ಸಾರು ಮಾಡಿದೆವು. ಬಸಿದ ನೀರು ಮಾತ್ರ ಬೇಳೆಯದೇ ಇರಬೇಕು, ಸೊಪ್ಪಿನದು ಚೆಲ್ಲಿಬಿಡಿ. ಮುದ್ದೆಗೆ ಬಹಳ ಚೆನ್ನಾಗಿತ್ತು.

ಲೆಕ್ಕ ಹೀಗೆ: ಹಡಗು ಹೋಗಿ ಬರಲು 11,500ರ ಸುತ್ತ, ಬಸ್ 3,000, ಊಟ 1,500, ರೈಲು 900, ಸ್ನಾನ 300, ಕಂಬಳಿ 100. ಹಡಗಿನ ಟಿಕೆಟ್ ಯಾವ ವಾರ ಅಗ್ಗ, ಕಾರ್ಪೆಟ್ ಹಾಲಿನಲ್ಲಿ ಯಾವ ಮೂಲೆಗೆ ಇಂಜಿನ್ ಸದ್ದು ಬರಲ್ಲ, ಇವೆರಡನ್ನು ಇಲ್ಲಿ ಹೇಳಲ್ಲ. ಮೂರು ಸಲ ದುಡ್ಡು ಕಳೆದು ಕಲಿತದ್ದು, ಜೊತೆಗೆ ಬಂದವರಿಗೆ ತೋರಿಸುತ್ತೇನೆ. ರೂಮಿಗೇನು ಮಾಡ್ತೀಯ ಅಂದಿದ್ದ ಗೆಳೆಯರು ಮೊನ್ನೆ ಫೋನ್ ಮಾಡಿದ್ದರು. ಆರು ವರ್ಷದ ಮಗಳು ಹತ್ತಬಹುದಾ ಅಂತ ಕೇಳಿದರು. ದಾರಿಗೆ ಟಾರು ಹಾಕಿದ್ದಾರೆ, ಹತ್ತುತ್ತಾಳೆ ಅಂದೆ. ಆ ಆರು ಚೀಲ ಅವರಿಗೇ ಕೊಟ್ಟಿದ್ದೇನೆ.